ಮೂಳೆ ಡಾಕ್ಟರನ ಸ್ನೋಬೋರ್ಡ್ ಪಾಠ

ಗೆಳೆಯರೇ, ಹಿಮವೇ ಅಪರೂಪವಾದ ಐರ್ಲೆಂಡಿನಲ್ಲಿ ಇವತ್ತು ನಾವು ಮೂವರು ಪ್ಲಾಸ್ಟಿಕ್ ಹಾಸಿನ ಇಳಿಜಾರಿನ ಮೇಲೆ ಸ್ನೋಬೋರ್ಡ್ ಕಲಿಯಲು ಹೋದೆವು. ಕಲಿಸುವವಳು ಬಾಯಿ ತೆರೆಯುವ ಮೊದಲೇ ನಮ್ಮ ಮೂಳೆ ಡಾಕ್ಟರ್ ಸತೀಶನ ಭಾಷಣ ಶುರುವಾಯಿತು. “ಬೀಳೋವಾಗ ಕೈ ಊರಬೇಡ್ರೋ, ರಿಸ್ಟ್ ಮುರಿಯುತ್ತೆ!”

ಮೊದಲು ಬಿದ್ದವನು ಅವನೇ. ಅದೂ ಕೈ ಊರಿಕೊಂಡೇ.

“ನಮ್ಮ ಆಸ್ಪತ್ರೆಗೆ ಮಾತ್ರ ಬೇಡ, ಜೂನಿಯರ್‌ಗಳು ನಗ್ತಾರೆ” ಎಂದು ಹಟ ಹಿಡಿದ. ಊದಿದ ಕೈಯವನನ್ನು ಅತ್ಲೋನ್ ಪಟ್ಟಣ ದಾಟಿ ಇನ್ನೊಂದು ಊರಿನ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದೆವು. ಸಂಜೆಯವರೆಗೂ ಕಾದ ಮೇಲೆ ಪರದೆ ಸರಿಸಿ ಬಂದ ಡಾಕ್ಟರ್ ಹುಬ್ಬಳ್ಳಿಯವಳು, ಇವನ ಹಳೆಯ ವಿದ್ಯಾರ್ಥಿನಿ.

“ಅಯ್ಯ ಸರ್, ಬೀಳೂ ಮುಂದ ಕೈ ಊರಬ್ಯಾಡ್ರಿ ಅಂತ ನೀವ ಹೇಳಿಕೊಟ್ಟಿದ್ರಲ್ರಿ!”

ಈ ದೇಶದಲ್ಲಿ ಹಿಮ ಸಿಗುವುದು ಕಷ್ಟ. ಕನ್ನಡದ ಡಾಕ್ಟರುಗಳಿಂದ ತಪ್ಪಿಸಿಕೊಳ್ಳುವುದು ಅದಕ್ಕಿಂತ ಕಷ್ಟ.