ಗುಡ್ಲು ಹಾಕುವ ಮುಂಚೆ

ಹುಲಿಯೂರುದುರ್ಗದ ಆಚೆಯ ನಮ್ಮ ಶಾಲೆಯಲ್ಲಿ ಐದು ಕ್ಲಾಸಿಗೂ ನಾನೊಬ್ಬಳೇ ಟೀಚರು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರುವಷ್ಟು ಓದಿದ್ದವಳು ಐದನೇ ಕ್ಲಾಸಿನ ಒಬ್ಬ ಹುಡುಗಿ. ಪಾಸಾದರೆ ಹತ್ತನೇ ಕ್ಲಾಸಿನವರೆಗೆ ಊಟ, ಪುಸ್ತಕ, ವಿಷಯಕ್ಕೊಬ್ಬ ಮೇಷ್ಟ್ರು. ಮಳೆಗಾಲದಿಂದಲೂ ಸಂಜೆ ಕೂರಿಸಿಕೊಂಡು ಲೆಕ್ಕ ಮಾಡಿಸಿದ್ದೆ, ಸಾಕಷ್ಟು ಬೈದೂ ಇದ್ದೆ.

ಪರೀಕ್ಷೆಯ ಹಿಂದಿನ ದಿನ ಅವಳು ಶಾಲೆಗೆ ಬರಲಿಲ್ಲ. ಮನೆಗೆ ಹೋದರೆ ಅಜ್ಜಿ ಜಗಲಿಯಲ್ಲೇ ತಡೆದರು.

"ಮಗು ದೊಡ್ಡೋಳಾದ್ಲು ಮೇಡಮ್ಮಾ. ಗುಡ್ಲು ಹಾಕ್ಬೇಕು. ಇನ್ನು ಅದ್ರಲ್ಲಿ ಕೂರ್ಸಿ, ದಿನ ತುಂಬಿ ನೀರು ಹಾಕೋಗಂಟ ಎಲ್ಲೂ ಕಳ್ಸಲ್ಲ."

"ನಾಳೆ ಪರೀಕ್ಷೆ ಅಜ್ಜಿ!"

"ಮುಂದಿನ್ ವರ್ಸ ಬರೀತಾಳೆ ಬುಡಿ."

ಮುಂದಿನ ವರ್ಷ ಬರೆಯುವ ಹಾಗಿಲ್ಲ, ಅದು ಐದನೇ ಕ್ಲಾಸಿನವರಿಗೆ ಮಾತ್ರ. ಕೋಪ ನೆತ್ತಿಗೇರಿತು. ಬಾಯಿ ಬಿಟ್ಟರೆ ಕೆಲಸ ಕೆಡುತ್ತದೆಂದು ನುಂಗಿಕೊಂಡೆ. ಹಸಿ ತೆಂಗಿನ ಗರಿ ತಂದು, ಹುಡುಗಿ ಕೂರುವ ಗುಡ್ಲು ಹಾಕಬೇಕಾದವರು ಸೋದರಮಾವ. ಅವರಿರುವುದು ದೂರದ ಬಟವಾಡಿಯಲ್ಲಿ, ಅವರ ತೆಂಗಿನ ತೋಟ ಗುಬ್ಬಿಯ ಹತ್ತಿರ. ಫೋನು ಮಾಡಿ, ಪರೀಕ್ಷೆ ಮುಗಿಯುವವರೆಗೆ ಗರಿ ತರಬೇಡಿ ಎಂದು ಬೇಡಿಕೊಂಡೆ.

"ನೋಡ್ತೀನಿ ಮೇಡಂ," ಅಂದು ಇಟ್ಟುಬಿಟ್ಟರು. ನಮ್ಮ ಕಡೆ ನೋಡ್ತೀನಿ ಅಂದರೆ ಆಗಲ್ಲ ಎಂದೇ ಲೆಕ್ಕ.

ಮರುದಿನ ಬೆಳಿಗ್ಗೆ ಕುಣಿಗಲ್ಲಿನ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನಿಂತೆ. ಹುಲಿಯೂರುದುರ್ಗದ ಬಸ್ಸು ಬಂತು, ಅವಳು ಇಳಿಯಲಿಲ್ಲ. ಮೊದಲ ಗಂಟೆ ಹೊಡೆಯಿತು. ವಾಚ್‌ಮನ್ನು ಗೇಟಿಗೆ ಕೈ ಹಾಕಿದಾಗ, "ಒಂದ್ನಿಮಿಷ ಇರಪ್ಪ," ಎಂದು ಅವನ ಮೇಲೇ ರೇಗಿದೆ.

ಆಗ ಬಂತು ಒಂದು ಲಗೇಜ್ ಆಟೋ. ಹಿಂದೆ ರಾಶಿ ಹಸಿ ಗರಿ. ಮುಂದೆ ಸೋದರಮಾವ, ಅಜ್ಜಿ, ನಡುವೆ ಇಸ್ತ್ರಿ ಮಾಡಿದ ಯೂನಿಫಾರಮ್ಮಿನಲ್ಲಿ ಹುಡುಗಿ.

"ಗರಿ ಇನ್ನೂ ಇಳಿಸಿಲ್ಲ, ಗುಡ್ಲು ಹಾಕೋಗಂಟ ದಿನದ ಲೆಕ್ಕ ಸುರುವಾಗಲ್ಲ ಅಂದ ಇವ್ನು," ಎಂದರು ಅಜ್ಜಿ, ನನ್ನ ಮುಖ ನೋಡದೆ.

ಹುಡುಗಿ ಒಳಗೆ ಓಡಿದಳು. ಗೇಟು ಮುಚ್ಚಿತು. ನನಗೆ ಅಳು ಬರುವಷ್ಟು ಖುಷಿಯಾಯಿತು. ಪಕ್ಕದಲ್ಲಿ ನಿಂತ ಅಜ್ಜಿ ಮಾತ್ರ ಗೇಟಿನ ಸರಳು ಬಿಡಲಿಲ್ಲ.

"ಪಾಸಾಗ್ಬುಟ್ರೆ ಏನ್ ಮಾಡದು ಮೇಡಮ್ಮಾ? ಅಲ್ಲಿ ಹೊಟ್ಟೆನೋವು ಬಂದ್ರೆ ಮಗು ಯಾರ್ ತಾವ ಹೇಳ್ಕೊಳ್ಳದು?"

ಇಷ್ಟು ತಿಂಗಳಲ್ಲಿ ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಜ್ಜಿಯ ಪಕ್ಕದಲ್ಲಿ ನಾನೂ ಸರಳು ಹಿಡಿದು ನಿಂತೆ.