ಸ್ಟೀರಿಂಗ್ ಎದೆಗೆ ಬಡಿದಾಗ ಕೊಲ್ಲೂರಮ್ಮ ಕೈಬಿಡಲಿಲ್ಲ

ಭಕ್ತ ಬಂಧುಗಳೇ, ಗಾಡಿ ಓಡಿಸಿದ್ದಕ್ಕೆ ದೇವಿ ನನಗೆ ಶಿಕ್ಷೆ ಕೊಟ್ಟಳೆಂದು ಕೆಲವರು ಈಗಲೂ ಆಡಿಕೊಳ್ಳುತ್ತಾರೆ. ಅದು ಸುಳ್ಳು. ನಡೆದದ್ದನ್ನು ನಾನೇ ಬರೆಯುತ್ತೇನೆ.

ತುರ್ತು ಪರಿಸ್ಥಿತಿಗೆ ಮೊದಲಿನ ಚಳಿಗಾಲ. ದೆಹಲಿಯ ಕರೋಲ್ ಬಾಗಿನಲ್ಲಿ ನಮ್ಮದೊಂದು ಚಿಕ್ಕ ಹೋಟೆಲು. ಯಜಮಾನರು ಒಲೆಯ ಮುಂದೆ, ಮಂಡಿಯಿಂದ ತರಕಾರಿ ತರುವ ವ್ಯಾನಿನಲ್ಲಿ ನಾನು. ಅಂದು ಬೆಳಿಗ್ಗೆ ಮಂಜಿನಲ್ಲಿ ಸೈಕಲ್ ರಿಕ್ಷಾವೊಂದು ಅಡ್ಡ ಬಂತು. ತಪ್ಪಿಸಹೋಗಿ ದೀಪದ ಕಂಬಕ್ಕೆ ಗುದ್ದಿದೆ. ಸ್ಟೀರಿಂಗ್ ಎದೆಯ ನಡುವಿಗೇ ಬಡಿಯಿತು. ರಿಕ್ಷಾದವನಿಗೆ ಏನೂ ಆಗಲಿಲ್ಲ. ನನಗೂ ಒಂದು ಹನಿ ರಕ್ತ ಬರಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದ ಡ್ಯೂಟಿ ಡಾಕ್ಟರು, "ಮೂಳೆ ಮುರಿದಿಲ್ಲ. ಕುಛ್ ನಹೀಂ, ಘಬರಾಹಟ್ ಹೈ" ಎಂದರು.

"ಇವಳು ಹೆದರುವವಳಲ್ಲ, ಡಾಕ್ಟರ್ ಸಾಬ್" ಎಂದರು ಯಜಮಾನರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ವಾರ್ಡಿನ ಮಂಚದಲ್ಲಿ ಮಲಗಿದರೆ ಉಸಿರು ಕಟ್ಟತೊಡಗಿತು. ಕೈಕಾಲು ತಣ್ಣಗಾದವು. ಯಜಮಾನರ ಅಕ್ಕ ಕಿದ್ವಾಯಿ ನಗರದಿಂದ ಬಸ್ಸು ಹಿಡಿದು ಬಂದರು. "ಹೆಂಗಸಿಗೆ ಯಾಕೆ ಬೇಕಿತ್ತು ಈ ಡ್ರೈವರ್ ಕೆಲಸ? ಅಮ್ಮನಿಗೇ ಸರಿಬರಲಿಲ್ಲ ನೋಡು. ತಪ್ಪಾಯ್ತು ಅಂತ ಬೇಡಿಕೋ" ಎಂದರು.

ಕಣ್ಣು ಮುಚ್ಚಿ ಕೊಲ್ಲೂರಿನ ಮೂಕಾಂಬಿಕೆಯನ್ನು ನೆನೆದೆ. ತಪ್ಪಾಯ್ತು ಎನ್ನಲಿಲ್ಲ. "ಅಮ್ಮಾ, ದುಡಿಯುವುದು ತಪ್ಪಾದರೆ ನೀನೇ ಬಂದು ಹೇಳು. ತಪ್ಪಲ್ಲವಾದರೆ ಎಬ್ಬಿಸು. ಇವರ ಮಾತು ನಿಜ ಮಾಡುವುದಕ್ಕೆ ನಾನು ಸಾಯುವುದಿಲ್ಲ" ಎಂದೆ.

ಪಕ್ಕದ ಮಂಚದ ರೋಗಿಯನ್ನು ನೋಡಲು ಬಂದ ಹಿರಿಯ ಡಾಕ್ಟರಮ್ಮ ನನ್ನ ಕುತ್ತಿಗೆ ಕಂಡು ಅಲ್ಲೇ ನಿಂತರು. ರಕ್ತನಾಳಗಳು ಉಬ್ಬಿಕೊಂಡಿದ್ದವು. ಬಿ.ಪಿ. ಬಿದ್ದುಹೋಗಿತ್ತು. ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ಬಡಿತ ಎಲ್ಲೋ ದೂರದಲ್ಲಿ ಕೇಳುತ್ತಿದೆ. ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಅದನ್ನು ಅದುಮುತ್ತಿದೆ. ಸೂಜಿ ತನ್ನಿ, ಜಲ್ದಿ!" ಎಂದು ಕೂಗಿದರು. ಎದೆಮೂಳೆಯ ಕೆಳಗಿನಿಂದ ಉದ್ದನೆಯ ಸೂಜಿ ಚುಚ್ಚಿ ಕಪ್ಪು ರಕ್ತ ಎಳೆದರು. ಸಿರಿಂಜ್ ತುಂಬುತ್ತಿದ್ದಂತೆ ನನ್ನ ಉಸಿರು ಬಿಚ್ಚಿಕೊಂಡಿತು.

ಹೃದಯದ ಸ್ನಾಯುವೂ ಜಜ್ಜಿದೆಯೆಂದು ಇ.ಸಿ.ಜಿ.ಯಲ್ಲಿ ಗೊತ್ತಾಯಿತು. ಬಡಿತ ಹದಕ್ಕೆ ಬರುವವರೆಗೆ ಮಂಚದಿಂದ ಏಳಗೊಡಲಿಲ್ಲ.

ಬೇಸಿಗೆಯಲ್ಲಿ ಯಜಮಾನರ ಅಕ್ಕನನ್ನೂ ಕರೆದುಕೊಂಡು ಕೊಲ್ಲೂರಿಗೆ ಹೋದೆವು. ಹುಂಡಿಯ ಮುಂದೆ ಅತ್ತಿಗೆ, "ತಪ್ಪುಕಾಣಿಕೆ ಹಾಕು" ಎಂದರು.

"ತಪ್ಪು ಮಾಡಿಲ್ಲ ಅತ್ತಿಗೆ. ಬದುಕಿಸಿದ್ದಕ್ಕೆ ಕೈಮುಗಿಯಲು ಬಂದವಳು ನಾನು."

ನಾನು ಗರ್ಭಗುಡಿಯತ್ತ ತಿರುಗಿ, ಜನರೆಲ್ಲ ಕೇಳುವಂತೆಯೇ, "ಅಮ್ಮಾ, ನೀನು ಉಳಿಸಿದೆ, ನಾನು ಬಂದಿದ್ದೇನೆ" ಎಂದೆ. ಮೊದಲು ದೇವಿಯೆಂದರೆ ಹೆದರಿಕೆಯಿತ್ತು, ಈಗ ಸಲಿಗೆ. ಮಂಡಿಗೆ ಇವತ್ತಿಗೂ ನಾನೇ ಹೋಗುತ್ತೇನೆ. ಆ ಡಾಕ್ಟರಮ್ಮನಿಗೂ, ಅವರನ್ನು ನನ್ನ ಮಂಚದ ಬಳಿ ನಿಲ್ಲಿಸಿದ ತಾಯಿಗೂ ಕೈಮುಗಿದೇ ಗಾಡಿ ಹತ್ತುವುದು.