ಭಜನೆಯವರ ಸೀಟು

ಕಲ್ಯಾಣದಿಂದ ಹೊರಡುವ ಲೋಕಲ್ ರೈಲಿನಲ್ಲಿ, ನೋಯುವ ಮೊಣಕಾಲು ಚಾಚಿಕೊಂಡು ಕಿಟಕಿ ಪಕ್ಕ ಕೂತಿದ್ದೆ. ಭಜನಾ ಮಂಡಳಿಯವರು ತಾಳ ಬಡಿಯುತ್ತಾ ಹತ್ತಿದರು. ಈ ಲೋಕದಲ್ಲಿ ಯಾವ ಜಾಗವೂ ನಮ್ಮದಲ್ಲ ಎಂದು ಮರಾಠಿಯಲ್ಲಿ ಹಾಡುತ್ತಿದ್ದ ಮುಖಂಡ ನನ್ನ ಭುಜ ತಟ್ಟಿ, "ಉಠೋ, ಯೆ ಹಮಾರಾ ಸೀಟ್ ಹೈ" ಎಂದ.

"ಅಯ್ಯೋ ದೇವರೇ" ಎಂದು ಗೊಣಗಿದೆ.

"ಓ, ನಮ್ಮವರಾ?" ಮುಖಂಡ ಕನ್ನಡಕ್ಕೆ ಹೊರಳಿದ. "ಹಾಗಾದ್ರೆ ಬೇಗ ಏಳಿ ಮಾರಾಯ್ರೆ."

"ಈಗ ಹಾಡಿದ್ದರ ಅರ್ಥ ಏನು?"

"ಅರ್ಥ ಯಾರು ನೋಡ್ತಾರೆ? ಧಾಟಿ ತಪ್ಪಬಾರದು, ಅಷ್ಟೆ."

ಮಿದುಳಿನಲ್ಲಿ ರಾಗಕ್ಕೊಂದು, ಮಾತಿಗೊಂದು ಕೋಣೆ ಇರುತ್ತದಂತೆ. ಈ ಭಕ್ತರು ನಡುವಿನ ಬಾಗಿಲಿಗೆ ಬೀಗ ಜಡಿದಿದ್ದರು.

ಸೀಟು ಬಿಟ್ಟುಕೊಟ್ಟು, ಠಾಣೆ ರೈಲು ನಿಲ್ದಾಣದವರೆಗೂ ಮನಸ್ಸಿನಲ್ಲೇ ಬೈಯುತ್ತಾ ನಿಂತೆ. ನನ್ನ ನೋಯುವ ಕಾಲೋ, ಮಾನಗೆಟ್ಟದ್ದು, ಅವರ ಹಾಡಿಗೇ ತಾಳ ಹಾಕುತ್ತಿತ್ತು.